ಹುಳ ಕೊಲ್ಲುವ ವೈರಸ್ಸನ್ನು ತಿದ್ದುವ ಮೊದಲು

(ಧಾರವಾಡದಲ್ಲಿ ರೈತರು ಮತ್ತು ಕೃಷಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಇವತ್ತಿನ ವಿಷಯ ಹುಳ ಕೊಲ್ಲುವ ಕುಲಾಂತರಿ ವೈರಸ್, ಅಂದರೆ ಜೀನು ತಿದ್ದಿದ ವೈರಸ್. ಆ ಹೆಸರಲ್ಲೇ ಹೆದರಿಸುವ ಎರಡು ಪದಗಳಿವೆ. ಕುಲಾಂತರಿ ಅಂದ ಕೂಡಲೇ ಬಿಟಿ ಬದನೆಯ ಜಗಳ ನೆನಪಾಗುತ್ತದೆ. ವೈರಸ್ ಅಂದರೆ ಕೊರೊನಾ. ಎರಡನ್ನೂ ಸೇರಿಸಿ ಹೊಲಕ್ಕೆ ಹೊಡೆಯೋಣ ಅಂದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಹೆದರಿಕೆ ತಪ್ಪೇನಲ್ಲ. ಆದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅನ್ನೋದು ಗೊತ್ತಿದ್ದರೆ ಒಳ್ಳೆಯದು, ಅಲ್ವಾ? ಅದಕ್ಕೇ ಪ್ರಯೋಗಾಲಯದ ಮಾತು ಆಮೇಲೆ ಇರಲಿ, ಹೊಲದಿಂದ ಶುರು ಮಾಡುತ್ತೇನೆ.

ನವಲಗುಂದ, ಅಣ್ಣಿಗೇರಿ, ನರಗುಂದದ ಎರೆ ಹೊಲಗಳಲ್ಲಿ ಹಿಂಗಾರಿ ಕಡಲೆ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಕಾಯಿಕೊರಕ ಬರುತ್ತದೆ. ಹೆಲಿಕೋವರ್ಪಾ ಅಂತ ವಿದ್ಯಾರ್ಥಿಗಳು ಓದಿರುತ್ತೀರಿ. ತಲೆಯನ್ನು ಕಾಯಿಯೊಳಗೆ ತೂರಿಸಿ, ಅರ್ಧ ಮೈ ಹೊರಗೆ ಬಿಟ್ಟುಕೊಂಡು ಕಾಳು ತಿನ್ನುವ ಹುಳ ಅದು. ತೊಗರಿಗೂ ಅದೇ, ಟೊಮೆಟೊಗೂ ಅದೇ, ಒಂದು ಕಾಲಕ್ಕೆ ಹತ್ತಿಗೂ ಅದೇ. ಅದರ ಹಾವಳಿ ಜಾಸ್ತಿಯಾದ ವರ್ಷ ತೊಗರಿ ಗಿಡದ ತುದಿಗಳನ್ನು ನಿಧಾನಕ್ಕೆ ನೋಡುತ್ತಾ ಹೋಗಿ. ಕೆಲವು ಹುಳ ಹಿಂದಿನ ಕಾಲುಗಳಿಂದ ಟೊಂಗೆ ಹಿಡಿದು ತಲೆಕೆಳಗಾಗಿ ಜೋತುಬಿದ್ದಿರುತ್ತವೆ. ಮೈ ಮೊದಲು ಬಿಳಿಚಿಕೊಂಡು ಹೊಳೆಯುತ್ತದೆ, ಆಮೇಲೆ ಕಪ್ಪಾಗುತ್ತದೆ. ಒಂದು ಕಡ್ಡಿಯಿಂದ ಸುಮ್ನೆ ಮುಟ್ಟಿದರೂ ಚರ್ಮ ಹರಿದು ಬೂದು ಬಣ್ಣದ ನೀರು ಕೆಳಗಿನ ಎಲೆ, ಕಾಯಿಗಳ ಮೇಲೆ ಸುರಿಯುತ್ತದೆ. ಹುಳದ ಒಳಗೆ ಏನೂ ಉಳಿದಿರುವುದಿಲ್ಲ, ಎಲ್ಲಾ ಕರಗಿ ನೀರಾಗಿರುತ್ತದೆ.

ಅದನ್ನು ಯಾರೂ ಎಣ್ಣೆ, ಅಂದರೆ ಕೀಟನಾಶಕ, ಹೊಡೆದು ಕೊಂದಿದ್ದಲ್ಲ. ಅದು ರೋಗ ಬಂದು ಸತ್ತ ಹುಳ. ಆ ರೋಗ ತರುವ ವೈರಸ್ಸಿಗೆ ಎನ್.ಪಿ.ವಿ. ಅಂತ ಹೆಸರು. ಬ್ಯಾಕ್ಯುಲೋವೈರಸ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದ್ದು. ಸುರಿದ ಆ ನೀರಿನ ಒಂದು ಹನಿಯಲ್ಲಿ ಕೋಟಿಗಟ್ಟಲೆ ಸಣ್ಣ ಹರಳುಗಳಿರುತ್ತವೆ. ಒಂದೊಂದು ಹರಳಿನಲ್ಲೂ ಅನೇಕ ವೈರಸ್ ಕಣಗಳು, ಚಿಕ್ಕಿಯಲ್ಲಿ ಶೇಂಗಾ ಕಾಳು ಕೂತ ಹಾಗೆ, ಒಂದು ಪ್ರೋಟೀನಿನ ನಡುವೆ ಭದ್ರವಾಗಿ ಕೂತಿರುತ್ತವೆ. ಆ ಪ್ರೋಟೀನ್ ಗಟ್ಟಿ. ಮಳೆಗೆ ಕರಗುವುದಿಲ್ಲ. ಮಣ್ಣಿನಲ್ಲಿ ಬಿದ್ದರೆ ವರ್ಷಗಟ್ಟಲೆ ಇರುತ್ತದೆ. ಕರಗುವುದು ಕ್ಷಾರದಲ್ಲಿ ಮಾತ್ರ. ಎಲೆ ತಿನ್ನುವ ಕೀಡೆಗಳ ಹೊಟ್ಟೆಯಲ್ಲಿ ಅಂಥ ತೀವ್ರ ಕ್ಷಾರ ಇದೆ, ಪಿ.ಎಚ್. 10 ದಾಟುತ್ತದೆ. ನಮ್ಮ ಹೊಟ್ಟೆಯಲ್ಲಿ ಇರುವುದು ಆಮ್ಲ.

ಇಷ್ಟರಿಂದಲೇ ನಾವು ಬಚಾವ್ ಅಂತ ಹೇಳುತ್ತಿಲ್ಲ. ಹರಳು ಕರಗಿದರೂ ಈ ವೈರಸ್ ಮನುಷ್ಯನ, ದನದ, ಕೋಳಿಯ ಜೀವಕೋಶದಲ್ಲಿ ಮರಿ ಹಾಕಲಾರದು. ಇನ್ನೂ ಒಂದು ವಿಷಯ ಗೊತ್ತಿರಲಿ. 1973ರಲ್ಲಿ ಅಮೆರಿಕದ ಸಂಶೋಧಕರು ಅಂಗಡಿಯಲ್ಲಿ ಮಾರುವ ಎಲೆಕೋಸು ತಂದು ತೊಳೆದು ನೋಡಿದರು. ಅದರ ಮೇಲೆ ಎಲೆಕೋಸಿನ ಹುಳದ ವೈರಸ್ ಹರಳುಗಳು ಲೆಕ್ಕವಿಲ್ಲದಷ್ಟು ಇದ್ದವು. ಯಾರೂ ಸಿಂಪಡಿಸಿದ್ದಲ್ಲ, ಹೊಲದಲ್ಲಿ ತಾನೇ ಹಬ್ಬಿದ್ದು. ಜನ ಅದನ್ನು ಎಷ್ಟೋ ತಲೆಮಾರಿನಿಂದ ತಿನ್ನುತ್ತಿದ್ದಾರೆ. ನೀವೂ ತಿಂದಿದ್ದೀರಿ, ನಾನೂ ತಿಂದಿದ್ದೇನೆ.

ಕರ್ನಾಟಕದವರಿಗೆ ಈ ಕುಟುಂಬ ಬೇರೆ ದಾರಿಯಿಂದಲೂ ಪರಿಚಯ. ರೇಷ್ಮೆ ಸಾಕುವವರು ಹಾಲುತೊಂಡೆ ರೋಗ ಅನ್ನುತ್ತಾರಲ್ಲ, ಹುಳ ಊದಿಕೊಂಡು, ಮೈ ಒಡೆದು ಹಾಲಿನಂಥ ರಸ ಸೋರುತ್ತದೆ, ಅದೂ ಎನ್.ಪಿ.ವಿ.ಯೇ. ರೇಷ್ಮೆ ಹುಳಕ್ಕೆ ಬರುವ ಎನ್.ಪಿ.ವಿ. ಬೇರೆ, ಕಾಯಿಕೊರಕದ್ದು ಬೇರೆ. ಹೆಲಿಕೋವರ್ಪಾದ ವೈರಸ್ ಹೆಲಿಕೋವರ್ಪಾ ಮತ್ತು ಅದರ ಹತ್ತಿರದ ಸಂಬಂಧಿಗಳನ್ನು ಬಿಟ್ಟು ಬೇರೆಯವನ್ನು ಮುಟ್ಟುವುದಿಲ್ಲ. ಜೇನಿಗೆ ಏನೂ ಆಗುವುದಿಲ್ಲ, ಗುಲಗಂಜಿ ಹುಳಕ್ಕೂ ಆಗುವುದಿಲ್ಲ. ಅದರ ದೊಡ್ಡ ಗುಣವೇ ಇದು. ಈ ರೇಷ್ಮೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಇದನ್ನು ಔಷಧಿಯಾಗಿ ಬಳಸುವುದು ಹೊಸದಲ್ಲ. ಹೆಕ್ಟೇರಿಗೆ 250 ಎಲ್.ಇ., ಎಕರೆಗೆ 100 ಎಲ್.ಇ. ಅಂತ ಶಿಫಾರಸು ಇದೆ. ಒಂದು ಎಲ್.ಇ. ಅಂದರೆ ಒಂದು ದೊಡ್ಡ ಹುಳ ಸತ್ತಾಗ ಸಿಗುವಷ್ಟು ವೈರಸ್, ಲೆಕ್ಕಕ್ಕೆ 600 ಕೋಟಿ ಹರಳು. ಹಾಗಾದರೆ ಹೆಕ್ಟೇರಿಗೆ ಒಂದೂವರೆ ಲಕ್ಷ ಕೋಟಿ ಹರಳು ಬೀಳುತ್ತವೆ. ಸಂಜೆ ಹೊಡೆಯಬೇಕು, ಯಾಕೆಂದರೆ ಬಿಸಿಲಿನ ನೇರಳಾತೀತ ಕಿರಣ ಈ ವೈರಸ್ಸಿಗೆ ಮಾರಿ. ಎಲೆಯ ಮೇಲೆ ಬಿಸಿಲಿಗೆ ಬಿದ್ದದ್ದು ಒಂದೆರಡು ದಿನದಲ್ಲಿ ಬಹುಪಾಲು ಕೆಲಸಕ್ಕೆ ಬಾರದಂತಾಗುತ್ತದೆ. ಅದಕ್ಕೇ 100 ಲೀಟರ್ ನೀರಿಗೆ 100 ಗ್ರಾಂ ಬಟ್ಟೆ ನೀಲಿ ಬೆರೆಸುವುದು, ಅದು ಆ ಕಿರಣವನ್ನು ತಡೆಯುತ್ತದೆ. ಅರ್ಧ ಕೆಜಿ ಬೆಲ್ಲ ಹಾಕುವುದು ಹುಳ ಚಪಲಕ್ಕೆ ಬಿದ್ದು ಹೆಚ್ಚು ತಿನ್ನಲಿ ಅಂತ. ಈ ವೈರಸ್ ಮೈಗೆ ತಾಗಿದರೆ ಹುಳ ಸಾಯುವುದಿಲ್ಲ. ತಿಂದರೆ ಮಾತ್ರ ಸಾಯುತ್ತದೆ. ಹಾಗಾಗಿ ರಸ ಹೀರುವ ಕೀಟಗಳಿಗೆ ಇದು ನಡೆಯುವುದಿಲ್ಲ. ಬ್ಯಾಡಗಿ ಕಡೆಯಿಂದ ಬಂದವರು ಮೆಣಸಿನಕಾಯಿಯ ಥ್ರಿಪ್ಸ್‌ಗೆ ಇದು ಆದೀತೇ ಅಂತ ಕೇಳುವವರಿದ್ದೀರಿ. ಆಗುವುದಿಲ್ಲ. ಹತ್ತಿ ಕಾಯಿಯ ಒಳಗೇ ಕೂತು ತಿನ್ನುವ ಗುಲಾಬಿ ಕಾಯಿಕೊರಕಕ್ಕೂ ಹೊರಗೆ ಸಿಂಪಡಿಸಿದ ವೈರಸ್ ತಲುಪುವುದು ಕಷ್ಟ.

ಈಗ ತೊಂದರೆಯ ಮಾತು. ಎನ್.ಪಿ.ವಿ. ಹೊಡೆದ ರೈತರು ಹೇಳುವುದು ಒಂದೇ ಮಾತು: "ಸರ, ಎಣ್ಣಿ ಹೊಡದ್ರ ಮರುದಿನ ಹುಳ ನೆಲದ ಮ್ಯಾಲ ಬಿದ್ದಿರ್ತಾವು. ನೀವು ಹೇಳಿದ ಬಾಟ್ಲಿ ಹೊಡದು ನಾಕ ದಿನಾ ಆತು, ಹುಳ ಇನ್ನಾ ಕಾಯಿ ತಿನ್ನಾಕತ್ತಾವು." ಈ ದೂರು ನಿಜ. ಮರಿ ಹುಳ ಸಾಯಲು ನಾಲ್ಕೈದು ದಿನ ಬೇಕು. ದೊಡ್ಡದಕ್ಕೆ ಒಂದು ವಾರವೋ ಇನ್ನೂ ಜಾಸ್ತಿಯೋ. ಅಷ್ಟು ದಿನ ಅದು ತಿನ್ನುತ್ತಲೇ ಇರುತ್ತದೆ. ಕಡಲೆಯ ಒಂದೊಂದು ಕಾಯಿಯನ್ನೂ ಎಣಿಸಿ ಸಾಲ ತೀರಿಸುವ ಲೆಕ್ಕ ಹಾಕುವವನಿಗೆ ಐದು ದಿನ ತಡಿ ಅಂತ ಹೇಳುವುದು ಸುಲಭವಲ್ಲ.

ಯಾಕೆ ಇಷ್ಟು ತಡ? ವೈರಸ್ಸಿಗೆ ಹುಳವನ್ನು ಬೇಗ ಕೊಲ್ಲುವ ಗರಜೇ ಇಲ್ಲ. ಹುಳ ಎಷ್ಟು ದಿನ ಬದುಕಿ ಎಷ್ಟು ದೊಡ್ಡದಾಗುತ್ತದೋ ಅಷ್ಟು ಹೆಚ್ಚು ಹರಳು ಹುಟ್ಟುತ್ತವೆ. 1989ರಲ್ಲಿ ಅಮೆರಿಕದ ಲೊಯಿಸ್ ಮಿಲ್ಲರ್ ಮತ್ತು ಡೇವಿಡ್ ಓರೈಲಿ ಇದರ ಒಳಗುಟ್ಟು ಕಂಡುಹಿಡಿದರು. ಹುಳ ಬೆಳೆಯುವಾಗ ಪೊರೆ ಕಳಚುತ್ತದೆ, ನಿಮಗೆ ಗೊತ್ತೇ ಇದೆ. ಪೊರೆ ಕಳಚುವ ಮೊದಲು ತಿನ್ನುವುದನ್ನು ನಿಲ್ಲಿಸುತ್ತದೆ. ಎಕ್ಡೈಸೋನ್ ಎಂಬ ಹಾರ್ಮೋನು ಈ ಕೆಲಸ ಮಾಡಿಸುತ್ತದೆ. ವೈರಸ್ಸಿನಲ್ಲಿ ಇ.ಜಿ.ಟಿ. ಎಂಬ ಒಂದು ಜೀನ್ ಇದೆ. ಅದು ಆ ಹಾರ್ಮೋನಿಗೆ ಒಂದು ಸಕ್ಕರೆಯ ತುಣುಕು ಅಂಟಿಸಿ ಅದನ್ನು ನಿಷ್ಕ್ರಿಯ ಮಾಡುತ್ತದೆ. ಹುಳ ಪೊರೆ ಕಳಚುವುದಿಲ್ಲ, ತಿನ್ನುತ್ತಲೇ ಹೋಗುತ್ತದೆ. ಅಂದರೆ ನಿಮ್ಮ ಕಡಲೆಯನ್ನು ಆ ನಾಲ್ಕೈದು ದಿನ ತಿನ್ನುತ್ತಿರುವುದು ಹುಳದ ಬಾಯಿ, ತಿನ್ನಿಸುತ್ತಿರುವುದು ವೈರಸ್.

ಇದೇ ಜೀನಿನ ಇನ್ನೊಂದು ಕೆಲಸ 2011ರಲ್ಲಿ ಗೊತ್ತಾಯಿತು. ಜಿಪ್ಸಿ ಪತಂಗದ ಹುಳಗಳ ಮೇಲೆ ಕೆಲ್ಲಿ ಹೂವರ್ ಮತ್ತು ಜೊತೆಗಾರರು ಮಾಡಿದ ಕೆಲಸ. ಸಾಯುವ ಮುಂಚೆ ಹುಳ ಮರದ ತುದಿಗೆ ಹತ್ತುವಂತೆ ಮಾಡುವುದೂ ಇ.ಜಿ.ಟಿ. ಜೀನೇ ಅಂತ ತೋರಿಸಿದರು. ತುದಿಯಲ್ಲಿ ಸತ್ತರೆ ಒಡೆದ ರಸ ಕೆಳಗಿನ ಎಲೆಗಳಿಗೆಲ್ಲ ಸುರಿಯುತ್ತದೆ, ಬೇರೆ ಹುಳಗಳು ತಿನ್ನುತ್ತವೆ. ತೊಗರಿಯ ತುದಿಯಲ್ಲಿ ಜೋತುಬಿದ್ದ ಹುಳದ ಕಥೆ ಅಲ್ಲಿದೆ. ನನಗಂತೂ ಇದನ್ನು ಓದಿದಾಗ ಮೈ ಜುಮ್ಮೆಂದಿತ್ತು. ಒಂದು ಜೀನ್ ಒಂದು ಪ್ರಾಣಿಯನ್ನು ಎಲ್ಲಿಗೆ ಹೋಗಿ ಸಾಯಬೇಕು ಅಂತ ನಡೆಸುತ್ತದೆ!

ಹಾಗಾದರೆ ವೈರಸ್ಸಿನ ಜೀನುಗಳನ್ನು ತಿದ್ದಿದರೆ ಬೇಗ ಕೊಲ್ಲಿಸಬಹುದಲ್ಲ? ಇಲ್ಲಿಂದ ಕುಲಾಂತರಿಯ ಕಥೆ. 1989ರಲ್ಲೇ ಜಪಾನಿನ ಸುಸುಮು ಮಯೆದ ರೇಷ್ಮೆ ಹುಳದ ವೈರಸ್ಸಿಗೆ, ಮೈಯ ನೀರಿನ ಅಂಶ ಏರುಪೇರು ಮಾಡುವ ಒಂದು ಕೀಟದ ಹಾರ್ಮೋನಿನ ಜೀನ್ ಸೇರಿಸಿ ನೋಡಿದರು. ಹುಳ ಬೇಗ ಸತ್ತಿತು. 1991ರಲ್ಲಿ ದೊಡ್ಡ ಸುದ್ದಿ ಬಂತು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನವರು ಉತ್ತರ ಆಫ್ರಿಕಾದ ಒಂದು ಚೇಳಿನ ವಿಷದ ಜೀನನ್ನು ವೈರಸ್ಸಿಗೆ ಸೇರಿಸಿದರು. 70 ಅಮೈನೋ ಆಮ್ಲಗಳ ಸಣ್ಣ ಪ್ರೋಟೀನ್ ಅದು, ಕೀಟಗಳ ನರಕ್ಕೆ ಮಾತ್ರ ತಾಗುತ್ತದೆ, ನಮ್ಮಂಥ ಸಸ್ತನಿಗಳ ನರಕ್ಕಲ್ಲ. ಹುಳ ಸಾಯಲು ಹಿಡಿಯುವ ಸಮಯ ಕಾಲು ಭಾಗ ಕಡಿಮೆಯಾಯಿತು, ತಿಂದದ್ದು ಅರ್ಧಕ್ಕೆ ಇಳಿಯಿತು. ಅದೇ ವರ್ಷ ಮಿಲ್ಲರ್ ಅವರ ಗುಂಪು ಒಂದು ನುಸಿಯ ವಿಷದ ಜೀನ್ ಹಾಕಿ ಇಂಥದೇ ಫಲಿತಾಂಶ ತೋರಿಸಿತು.

ಅದೇ ಮಿಲ್ಲರ್, ಓರೈಲಿ ಇನ್ನೊಂದು ದಾರಿಯನ್ನೂ ಹಿಡಿದರು. ಏನನ್ನೂ ಸೇರಿಸದೆ ಇ.ಜಿ.ಟಿ. ಜೀನನ್ನು ಕಿತ್ತುಹಾಕಿದರು. ಹಾರ್ಮೋನು ತನ್ನ ಕೆಲಸ ತಾನು ಮಾಡಿತು. ಹುಳ ತಿನ್ನುವುದು ಕಡಿಮೆಯಾಯಿತು, ಬೇಗ ಸತ್ತಿತು. ಅವರು ಇದನ್ನು ಯಾವ ಹುಳದ ಮೇಲೆ ಮಾಡಿದರು ಗೊತ್ತಾ? 2018ರಲ್ಲಿ ನಮ್ಮ ಗೋವಿನಜೋಳಕ್ಕೆ ಬಂದು ಸುಳಿಯನ್ನೇ ತಿಂದುಹಾಕಿತಲ್ಲ, ಲದ್ದಿ ಹುಳ, ಅದೇ. ಅಮೆರಿಕದಲ್ಲಿ ಅದು ಹಳೆಯ ನಿವಾಸಿ.

ಲದ್ದಿ ಹುಳದ ಮಾತು ಬಂದದ್ದಕ್ಕೆ ಸ್ವಲ್ಪ ಆಚೆ ಹೋಗಿ ಬರುತ್ತೇನೆ. ಆ ಹುಳದ ಕೋಶಾವಸ್ಥೆಯ (ಪ್ಯೂಪಾ) ಅಂಡಾಶಯದಿಂದ ತೆಗೆದ ಜೀವಕೋಶಗಳನ್ನು 1970ರ ದಶಕದಿಂದ ಪ್ರಯೋಗಾಲಯದಲ್ಲಿ ಬೆಳೆಸುತ್ತಿದ್ದಾರೆ. ಅವಕ್ಕೆ ತಿದ್ದಿದ ಬ್ಯಾಕ್ಯುಲೋವೈರಸ್ ತಗುಲಿಸಿದರೆ ನಮಗೆ ಬೇಕಾದ ಪ್ರೋಟೀನನ್ನು ರಾಶಿರಾಶಿ ಮಾಡಿಕೊಡುತ್ತವೆ. ಪುಣೆಯಲ್ಲಿ ತಯಾರಾದ ಕೋವೋವ್ಯಾಕ್ಸ್ ಎಂಬ ಕೊರೊನಾ ಲಸಿಕೆಯ ಪ್ರೋಟೀನ್ ಹೀಗೇ ಹುಟ್ಟಿದ್ದು. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಸರ್ವರಿಕ್ಸ್ ಲಸಿಕೆಗೂ ತಿದ್ದಿದ ಬ್ಯಾಕ್ಯುಲೋವೈರಸ್ಸೇ ಬೇಕು, ಅಲ್ಲಿ ಎಲೆಕೋಸಿನ ಹುಳದ ಜೀವಕೋಶ. ನಮ್ಮ ಜೋಳ ತಿಂದು ಅಳಿಸಿದ ಹುಳವೇ ಬೇರೆ ಕಡೆ ಜೀವ ಉಳಿಸುವ ಕೆಲಸದಲ್ಲಿದೆ. ಆದರೆ ಅದೆಲ್ಲ ಮುಚ್ಚಿದ ಪಾತ್ರೆಯೊಳಗೆ ನಡೆಯುವ ಕೆಲಸ. ಹೊಲಕ್ಕೆ ಬಿಡುವುದು ಬೇರೆ ಮಾತು.

ಹೊಲಕ್ಕೆ ಬಿಟ್ಟರೆ ಏನಾಗುತ್ತದೆ? ಆಕ್ಸ್‌ಫರ್ಡ್‌ನವರು ಚೇಳಿನ ಜೀನಿದ್ದ ವೈರಸ್ಸನ್ನು ಬಲೆ ಕಟ್ಟಿದ ಎಲೆಕೋಸಿನ ತಾಕುಗಳಲ್ಲಿ ಪರೀಕ್ಷಿಸಿದರು. ಫಲಿತಾಂಶ 1994ರಲ್ಲಿ ಬಂತು. ಹುಳ ಬೇಗ ಸತ್ತಿತು, ಎಲೆಯ ಹಾನಿ ಕಡಿಮೆಯಾಯಿತು. ಇನ್ನೊಂದೂ ಕಂಡಿತು. ವಿಷ ಏರಿದ ಹುಳ ಗಿಡದ ತುದಿಗೆ ಹತ್ತದೆ, ಲಕ್ವಾ ಹೊಡೆದು ನೆಲಕ್ಕೆ ಬೀಳುತ್ತಿತ್ತು. ಬೇಗ ಸತ್ತದ್ದರಿಂದ ಅದರ ಮೈಯಲ್ಲಿ ಹರಳೂ ಕಡಿಮೆ. ಹಾಗಾಗಿ ಒಂದು ಹುಳದಿಂದ ಇನ್ನೊಂದಕ್ಕೆ ರೋಗ ಹಬ್ಬುವುದು ತಗ್ಗಿತು.

ಇದನ್ನು ಎರಡು ರೀತಿಯಲ್ಲಿ ಓದಬಹುದು. ಸುರಕ್ಷತೆ ನೋಡುವವರಿಗೆ ಇದು ಒಳ್ಳೆಯ ಸುದ್ದಿ: ತಿದ್ದಿದ ವೈರಸ್ ಸಹಜ ವೈರಸ್ಸಿಗಿಂತ ದುರ್ಬಲ, ತಾನೇ ಕಡಿಮೆಯಾಗುತ್ತಾ ಹೋಗುತ್ತದೆ. ರೈತನಿಗೆ ಅಷ್ಟು ಒಳ್ಳೆಯದಲ್ಲ. ಎನ್.ಪಿ.ವಿ.ಯ ದೊಡ್ಡ ಲಾಭವೇ ಅದು ಹೊಲದಲ್ಲಿ ಉಳಿದು, ಹಬ್ಬಿ, ಮುಂದಿನ ತಲೆಮಾರಿನ ಹುಳವನ್ನೂ ಹಿಡಿಯುವುದು. ಆ ಗುಣ ತೆಗೆದರೆ ಅದೂ ಪ್ರತಿ ಸಲ ಅಂಗಡಿಯಿಂದ ತಂದು ಹೊಡೆಯುವ ಇನ್ನೊಂದು ಎಣ್ಣೆಯಾಗುತ್ತದೆ. ತಯಾರಿಕೆಯ ಖರ್ಚೂ ಇದೆ. ಈ ವೈರಸ್ ಬೆಳೆಯುವುದು ಜೀವಂತ ಹುಳದಲ್ಲಿ. ಕಾಯಿಕೊರಕದ ಮರಿಗಳು ಒಂದನ್ನೊಂದು ತಿಂದುಬಿಡುತ್ತವೆ, ಅದಕ್ಕೆ ಒಂದೊಂದನ್ನೂ ಬೇರೆ ಬೇರೆ ಕಪ್ಪಿನಲ್ಲಿ, ಕಡಲೆ ಹಿಟ್ಟಿನಿಂದ ಮಾಡಿದ ಆಹಾರ ಹಾಕಿ ಸಾಕಬೇಕು. ಕಪ್ಪು ತೊಳೆಯುವುದು, ಆಹಾರ ಹಾಕುವುದು, ಸತ್ತದ್ದನ್ನು ಆರಿಸುವುದು ಎಲ್ಲಾ ಕೈಕೆಲಸ. ಒಂದು ಹುಳಕ್ಕೆ ಹರಳು ಕಡಿಮೆ ಸಿಕ್ಕರೆ ಬಾಟಲಿಯ ಬೆಲೆ ಏರುತ್ತದೆ.

ಆಕ್ಸ್‌ಫರ್ಡ್‌ನಲ್ಲಿ ಜನರ ವಿರೋಧವೂ ಎದ್ದಿತು. ಪರೀಕ್ಷೆಯ ಜಾಗದ ಹತ್ತಿರ ವೈಥಮ್ ಎಂಬ ಕಾಡಿದೆ, ಪತಂಗ ಚಿಟ್ಟೆಗಳಿಗೆ ಹೆಸರಾದದ್ದು. ಅವರು ಬಳಸಿದ ವೈರಸ್ ಮೂವತ್ತಕ್ಕೂ ಹೆಚ್ಚು ಜಾತಿಯ ಕೀಡೆಗಳಿಗೆ ತಗುಲುವಂಥದು. ಬೆಳೆ ತಿನ್ನದ ಪತಂಗಗಳ ಗತಿ ಏನು ಅಂತ ಜನ ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದು ಅಂತಲೇ ನನ್ನ ಅಭಿಪ್ರಾಯ. ಚೀನಾದ ವುಹಾನ್‌ನವರು ಇದನ್ನು ಬೇರೆ ಥರ ಮಾಡಿದರು. ಹೆಲಿಕೋವರ್ಪಾಕ್ಕೆ ಮಾತ್ರ ತಗುಲುವ ವೈರಸ್ಸನ್ನೇ ತೆಗೆದುಕೊಂಡು, ಅದರ ಇ.ಜಿ.ಟಿ. ಕಿತ್ತು, ಇನ್ನೊಂದರಲ್ಲಿ ಚೇಳಿನ ಜೀನ್ ಸೇರಿಸಿ ಹತ್ತಿ ಹೊಲದಲ್ಲಿ ನೋಡಿದರು. ಆರಿಸುವುದಾದರೆ ಮೊದಲು ಆರಿಸಬೇಕಾದದ್ದು ಇದನ್ನೇ: ಒಂದೇ ಹುಳಕ್ಕೆ ತಗುಲುವ ವೈರಸ್.

ಅಮೆರಿಕದ ಎರಡು ದೊಡ್ಡ ಕಂಪನಿಗಳು, ಅಮೆರಿಕನ್ ಸಯನಮಿಡ್ ಮತ್ತು ಡುಪಾಂಟ್, ತೊಂಬತ್ತರ ದಶಕದಲ್ಲಿ ತಿದ್ದಿದ ವೈರಸ್‌ಗಳ ಹೊಲದ ಪರೀಕ್ಷೆ ಮಾಡಿದವು. ಯಾವುದೂ ಅಂಗಡಿಗೆ ಬರಲಿಲ್ಲ. 1996ರಲ್ಲಿ ಅಲ್ಲಿ ಕಾಯಿಕೊರಕವನ್ನು ತಾನೇ ಕೊಲ್ಲುವ ಬಿಟಿ ಹತ್ತಿ ಬಂತು, ಹೊಸ ಹೊಸ ಕೀಟನಾಶಕ ಬಂದವು, ವೈರಸ್ ಯಾರಿಗೂ ಬೇಡವಾಯಿತು. ಅದಕ್ಕೂ ಮುಂಚೆ 1975ರಲ್ಲಿ ಎಲ್ಕಾರ್ ಎಂಬ ಸಹಜ ವೈರಸ್ಸಿನ ಔಷಧಿ ಅಲ್ಲಿ ನೋಂದಣಿಯಾಗಿತ್ತು. ಪೈರೆಥ್ರಾಯ್ಡ್ ಎಂಬ ಅಗ್ಗದ ಕೀಟನಾಶಕಗಳು ಬಂದು ಅದನ್ನೂ ಮೂಲೆಗೆ ತಳ್ಳಿದ್ದವು. ಆ ಪೈರೆಥ್ರಾಯ್ಡ್‌ಗಳನ್ನು ನಮ್ಮಲ್ಲಿ ಕಾಯಿಕೊರಕ ಎಷ್ಟು ಬೇಗ ಅರಗಿಸಿಕೊಂಡಿತು ಅನ್ನೋದು ಹತ್ತಿ ಬೆಳೆದ ಹಿರಿಯರಿಗೆ ಗೊತ್ತು. ವಾರಕ್ಕೊಮ್ಮೆ ಹೊಡೆದರೂ ಹುಳ ಸಾಯದ ಕಾಲವನ್ನು ನೋಡಿದವರು ಇಲ್ಲಿದ್ದೀರಿ.

ಈಗ ನಮ್ಮ ಕಡಲೆಗೆ ಬರೋಣ, ಯಾಕೆಂದರೆ ಬೇರೆ ದೇಶದ ಎಲೆಕೋಸಿನ ಲೆಕ್ಕ ಇಲ್ಲಿ ಹಾಗೇ ನಡೆಯುವುದಿಲ್ಲ. ಕಡಲೆ ಗಿಡದ ಎಲೆಯ ಮೇಲೆ ಸಣ್ಣ ಸಣ್ಣ ಕೂದಲಿವೆ, ಅವು ಹುಳಿ ಸುರಿಸುತ್ತವೆ. ಬೆಳಿಗ್ಗೆ ಹೊಲದಲ್ಲಿ ಬರಿಗಾಲಲ್ಲಿ ಓಡಾಡಿದರೆ ಕಾಲು ಉರಿಯುತ್ತದಲ್ಲ, ಅದೇ. ಟೊಮೆಟೊದಲ್ಲಿ ಚೆನ್ನಾಗಿ ಕೆಲಸ ಮಾಡುವ ಎನ್.ಪಿ.ವಿ. ಕಡಲೆಯಲ್ಲಿ ಅಷ್ಟು ಮಾಡುವುದಿಲ್ಲ ಅಂತ ಬಹಳ ದಿನದಿಂದ ಗೊತ್ತಿತ್ತು. ಹುಳಿಯೇ ಕಾರಣ ಅಂತ ಎಲ್ಲರೂ ಅಂದುಕೊಂಡಿದ್ದರು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇರೆಯದೇ ತೋರಿಸಿತು. ಎಲೆಯ ಮೇಲ್ಮೈಯಲ್ಲಿರುವ ಐಸೋಫ್ಲೇವನಾಯ್ಡ್ ಎಂಬ ರಾಸಾಯನಿಕಗಳು ವೈರಸ್ಸನ್ನು ಕೆಡಿಸುತ್ತವೆ. ಈಗ ಯೋಚಿಸಿ. ಹುಳದ ಬಾಯಿಗೆ ಹೋಗುವ ಮೊದಲೇ ಎಲೆಯ ಮೇಲೆ ವೈರಸ್ ಕೆಟ್ಟುಹೋದರೆ, ಅದರೊಳಗೆ ಚೇಳಿನ ಜೀನಿದ್ದರೇನು, ಹಾವಿನ ಜೀನಿದ್ದರೇನು? ಬಿಸಿಲಿನಿಂದ, ಎಲೆಯ ರಸಾಯನದಿಂದ ಹರಳನ್ನು ಕಾಪಾಡುವ ಸಾಮಗ್ರಿ ಬೇಕು. ವಿದ್ಯಾರ್ಥಿಗಳೇ, ಪಿಎಚ್.ಡಿ.ಗೆ ವಿಷಯ ಹುಡುಕುತ್ತಿದ್ದರೆ ಇಲ್ಲಿ ಮಾಡಲು ಬೇಕಾದಷ್ಟು ಕೆಲಸ ಬಿದ್ದಿದೆ. ಜೀನ್ ತಿದ್ದುವಷ್ಟು ಹೆಸರು ಬರದಿರಬಹುದು, ಅಣ್ಣಿಗೇರಿಯ ಕಡಲೆಗೆ ಹೆಚ್ಚು ಉಪಯೋಗ ಇದರಿಂದಲೇ.

ಮತ್ತೆ ರೇಷ್ಮೆಗೆ ಬರುತ್ತೇನೆ. ಹಾವೇರಿ ಜಿಲ್ಲೆಯಲ್ಲಿ ಹಿಪ್ಪುನೇರಳೆ ಬೆಳೆಯುವವರಿದ್ದಾರೆ. ಆಕ್ಸ್‌ಫರ್ಡ್‌ನವರು ತಿದ್ದಿದ ಆ ಹಲವು ಹುಳಗಳ ವೈರಸ್ ಸಹಜವಾಗಿ ರೇಷ್ಮೆ ಹುಳಕ್ಕೆ ಸರಿಯಾಗಿ ತಗುಲುವುದಿಲ್ಲ. ಆದರೆ 1990ರ ದಶಕದ ಆರಂಭದಲ್ಲಿ ಜಪಾನಿನವರು ಮತ್ತು ಫ್ರಾನ್ಸಿನವರು ಒಂದು ವಿಷಯ ತೋರಿಸಿದರು. ಹೆಲಿಕೇಸ್ ಎಂಬ ಒಂದೇ ಜೀನಿನ ಒಂದು ಪುಟ್ಟ ತುಂಡನ್ನು ರೇಷ್ಮೆ ವೈರಸ್ಸಿನ ತುಂಡಿನೊಂದಿಗೆ ಬದಲಾಯಿಸಿದರೆ ಸಾಕು, ಆ ವೈರಸ್ ರೇಷ್ಮೆ ಹುಳದಲ್ಲೂ ಬೆಳೆಯುತ್ತದೆ. ಕೆಲವೇ ಅಮೈನೋ ಆಮ್ಲಗಳ ವ್ಯತ್ಯಾಸ ಅಷ್ಟೇ. ಒಂದೇ ಹುಳಕ್ಕೆ ಎರಡು ಬೇರೆ ವೈರಸ್ ಒಟ್ಟಿಗೆ ತಗುಲಿದರೆ ಅವು ಜೀನು ಅದಲುಬದಲು ಮಾಡಿಕೊಳ್ಳಬಲ್ಲವು. ರೇಷ್ಮೆಯ ರಾಜ್ಯದಲ್ಲಿ, ಹಲವು ಹುಳಗಳಿಗೆ ತಗುಲುವ ವೈರಸ್ಸಿಗೆ ವಿಷದ ಜೀನ್ ಹಾಕಿ ಬಯಲಿಗೆ ಬಿಡುವುದನ್ನು ನಾನು ಒಪ್ಪುವುದಿಲ್ಲ. ನೆಟ್ಟಗೆ ಹೇಳುತ್ತೇನೆ, ಇದರಲ್ಲಿ ನನಗೆ ಎರಡು ಮನಸ್ಸಿಲ್ಲ.

ಕಾನೂನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿ 1989ರಲ್ಲಿ ಬಂದ ನಿಯಮಗಳ ಪ್ರಕಾರ ತಿದ್ದಿದ ವೈರಸ್ ಹೊಲಕ್ಕೆ ಬಿಡಲು ಕುಲಾಂತರಿಗಳನ್ನು ಪರಿಶೀಲಿಸುವ ಕೇಂದ್ರದ ಜಿ.ಇ.ಎ.ಸಿ. ಸಮಿತಿಯ ಒಪ್ಪಿಗೆ ಬೇಕು. ಮಾರಲು 1968ರ ಕೀಟನಾಶಕ ಕಾಯ್ದೆಯ ನೋಂದಣಿಯೂ ಬೇಕು. ಬಿಟಿ ಬದನೆಗೆ 2010ರಲ್ಲಿ ಕೇಂದ್ರ ಸರ್ಕಾರ ತಡೆ ಹಾಕಿದ ಮೇಲೆ ಇಂಥ ಕಡತಗಳು ಸುಲಭಕ್ಕೆ ಮುಂದೆ ಹೋಗುವುದಿಲ್ಲ.

ಹಾಗಾದರೆ ಮೂವತ್ತೈದು ವರ್ಷದ ಈ ಕೆಲಸವೆಲ್ಲ ದಂಡವೇ? ಖಂಡಿತ ಇಲ್ಲ. ಜೀನ್ ಕಿತ್ತು ನೋಡಿದ್ದರಿಂದಲೇ ವೈರಸ್ಸಿನ ನಿಧಾನಕ್ಕೆ ಇ.ಜಿ.ಟಿ.ಯೂ ಒಂದು ಕಾರಣ ಅಂತ ನಮಗೆ ಗೊತ್ತಾದದ್ದು. ಆ ತಿಳಿವಳಿಕೆಯನ್ನು ಹಿಡಿದುಕೊಂಡು ಕೆಲವರು ಹೊಲದ ಕಡೆ ತಿರುಗಿದರು. ಲದ್ದಿ ಹುಳದ ವೈರಸ್ಸನ್ನು ಅದರ ಮೂಲ ನೆಲವಾದ ಅಮೆರಿಕ ಖಂಡದಲ್ಲಿ ಆರಿಸಿ, ಒಂದೊಂದು ತಳಿಯನ್ನೂ ಬಿಡಿಸಿ ನೋಡಿದರು. ಒಂದೇ ಸತ್ತ ಹುಳದಲ್ಲಿ ಒಂದೇ ಥರದ ವೈರಸ್ ಇರುವುದಿಲ್ಲ, ಹಲವು ತಳಿಗಳ ಕಲಬೆರಕೆ ಇರುತ್ತದೆ. ಅವುಗಳಲ್ಲಿ ಕೆಲವು ಬೇಗ ಕೊಲ್ಲುತ್ತಿದ್ದವು. ಯಾಕೆ ಅಂತ ನೋಡಿದರೆ ಅವುಗಳಲ್ಲಿ ಇ.ಜಿ.ಟಿ. ಜೀನೇ ಇರಲಿಲ್ಲ. ಪ್ರಕೃತಿಯಲ್ಲೇ ಉದುರಿಹೋಗಿತ್ತು. 2012ರಲ್ಲಿ ಇದು ಪ್ರಕಟವಾಯಿತು. ಮಿಲ್ಲರ್ ಅವರು ಪ್ರಯೋಗಾಲಯದಲ್ಲಿ ಕಿತ್ತ ಜೀನನ್ನು ಹೊಲ ತಾನಾಗಿಯೇ ಕಿತ್ತು ಇಟ್ಟಿತ್ತು!

ಇವತ್ತು ನಿಮ್ಮ ಮುಂದೆ ಬಂದು ನಿಂತದ್ದು ಈ ಮಾತು ಹೇಳೋಕೆ. ಅಂಥ ತಳಿ ನಮ್ಮ ಹೊಲದಲ್ಲಿ ಸಿಕ್ಕರೆ ಅದು ಕುಲಾಂತರಿ ಅಲ್ಲ. ಅದಕ್ಕೆ ಚೇಳು ಬೇಡ, ಬೇರೆ ದೇಶದ ಪೇಟೆಂಟ್ ಬೇಡ. ನಮ್ಮ ಬಿಸಿಲಲ್ಲಿ, ನಮ್ಮ ಎರೆ ಮಣ್ಣಲ್ಲಿ ಬದುಕಿ ಬಂದದ್ದು ಅದು. ಹುಡುಕಬೇಕಾದ ಜೀನ್ ಯಾವುದು ಅಂತ ಗೊತ್ತಿದೆ. ಜೀನು ಪತ್ತೆಹಚ್ಚುವ ಪಿ.ಸಿ.ಆರ್. ಯಂತ್ರ ಇರುವ ಯಾವ ಪ್ರಯೋಗಾಲಯವೂ ಒಂದು ದಿನದಲ್ಲಿ ಆ ಜೀನ್ ಇದೆಯೋ ಇಲ್ಲವೋ ನೋಡಬಹುದು. ಸಿಕ್ಕ ತಳಿಯಿಂದ ಹರಳು ಸ್ವಲ್ಪ ಕಡಿಮೆ ಸಿಗಬಹುದು, ಅದನ್ನು ಒಪ್ಪಿಕೊಂಡೇ ಹೇಳುತ್ತಿದ್ದೇನೆ. ಅದಕ್ಕೆ ಸಹಜ ತಳಿಯ ಜೊತೆ ಬೆರೆಸಿ ಹೊಡೆಯುವುದನ್ನೂ ಪರೀಕ್ಷಿಸಬೇಕು. ಒಂದು ಬೇಗ ಕೊಲ್ಲಲಿ, ಇನ್ನೊಂದು ಹೊಲದಲ್ಲಿ ಉಳಿಯಲಿ.

ಇದು ಆಗದ ಮಾತು ಅನ್ನಬೇಡಿ. ಬ್ರೆಜಿಲ್‌ನಲ್ಲಿ ಸೋಯಾ ಹುಳದ ಸಹಜ ಎನ್.ಪಿ.ವಿ.ಯನ್ನು ಒಂದು ಕಾಲಕ್ಕೆ 20 ಲಕ್ಷ ಹೆಕ್ಟೇರಿಗೆ ಹೊಡೆದರು. ಅದರ ಬಹುಭಾಗ ತಯಾರಾದದ್ದು ರೈತರ ಹೊಲದಲ್ಲಿ ಸತ್ತ ಹುಳ ಆರಿಸಿ ತಂದು. ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆ ಎಂಬ್ರಾಪಾ ಅದರ ಬೆನ್ನಿಗೆ ನಿಂತಿತ್ತು. ನಮ್ಮ ಧಾರವಾಡದ್ದೂ ಅಂಥದೇ ಒಂದು ಹಳೆಯ ಕಥೆ ಇದೆ. 1972ರಲ್ಲಿ ಡಾ. ಬಿ.ಎಚ್. ಕತರಕಿಯವರು ಇಲ್ಲಿನ ಸಂಶೋಧನಾ ಕೇಂದ್ರದಲ್ಲಿ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ತಂದಾಗ ಅದು ಸಾರ್ವಜನಿಕ ದುಡ್ಡಿನ ಕೆಲಸ. ಬೀಜೋತ್ಪಾದನೆಗೆ ಹೂವಿಗೆ ಹೂ ಮುಟ್ಟಿಸಿ ಕೈಯಿಂದ ಪರಾಗ ಕೂಡಿಸಿದವರು ರೈತರು, ಅವರ ಮನೆಯ ಹೆಣ್ಣುಮಕ್ಕಳು. ವೈರಸ್ಸಿನ ಕೆಲಸವೂ ಹಾಗೇ ಆಗಬೇಕು ಅನ್ನೋದು ನನ್ನ ಆಸೆ. ನಮ್ಮ ಕೃಷಿ ವಿಶ್ವವಿದ್ಯಾಲಯದಲ್ಲಿ ಹುಳಕ್ಕೆ ರೋಗ ತರುವ ನೊಮೂರಿಯಾ ಶಿಲೀಂಧ್ರದ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ, ಹುಳದ ರೋಗ ಬಲ್ಲವರು ಇಲ್ಲಿ ಇದ್ದಾರೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ ಲದ್ದಿ ಹುಳದ ಎನ್.ಪಿ.ವಿ. ಮೇಲೆ ಕೆಲಸವಾಗಿದೆ.

ನಿಮ್ಮ ಪಾಲಿನ ಕೆಲಸ ಇಷ್ಟು. ಈ ಹಿಂಗಾರಿಯಲ್ಲಿ ಗಂಡು ಪತಂಗವನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆಗೆ ಪತಂಗ ಬೀಳಲು ಶುರುವಾದ ಮೇಲೆ ದಿನಾ ಬೆಳಿಗ್ಗೆ ಗಿಡದ ತುದಿ ನೋಡಿ. ಜೋತುಬಿದ್ದ ಹುಳ ಕಂಡರೆ ಒಡೆಯದಂತೆ ಟೊಂಗೆ ಸಮೇತ ಕತ್ತರಿಸಿ. ಸಣ್ಣ ಶೀಸೆಗೆ ಹಾಕಿ, ಒಂದು ಶೀಸೆಗೆ ಒಂದೇ ಹುಳ. ಮೇಲೆ ಚೀಟಿ ಅಂಟಿಸಿ ಊರು, ಬೆಳೆ, ತಾರೀಖು, ಕೊನೆಯ ಸಲ ಯಾವ ಎಣ್ಣೆ ಹೊಡೆದಿದ್ದೀರಿ ಅದನ್ನು ಬರೆಯಿರಿ. ನೆಲದ ಮೇಲೆ ಬಿದ್ದು ಸತ್ತ ಹುಳವನ್ನೂ ಬಿಡಬೇಡಿ, ಬೇಗ ಕೊಲ್ಲುವ ತಳಿ ಹುಳವನ್ನು ತುದಿಗೆ ಹತ್ತಿಸದೇ ಇರಬಹುದು. ಬಿಸಿಲಿಗೆ ಇಡದೆ ತಂಪಲ್ಲಿ ಇಡಿ. ಗದಗಿನವರು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ, ಹಾವೇರಿಯವರು ಹನುಮನಮಟ್ಟಿಗೆ, ಧಾರವಾಡದವರು ಸೈದಾಪುರಕ್ಕೆ ತಗೊಂಡು ಹೋಗಿ. ಇದರಲ್ಲಿ ಇ.ಜಿ.ಟಿ. ಇದೆಯಾ ನೋಡಿಸಿಕೊಡಿ ಅಂತ ಕೇಳಿ. ಒಬ್ಬರು ಕೇಳಿದರೆ ನಾಳೆ ಬನ್ನಿ ಅನ್ನಬಹುದು. ಒಂದೇ ವಾರದಲ್ಲಿ ಹತ್ತೂರಿನ ಶೀಸೆ ಬಂದರೆ ಯಾರಾದರೊಬ್ಬ ವಿಜ್ಞಾನಿ ಅದನ್ನು ತೆರೆದು ನೋಡಲೇಬೇಕಾಗುತ್ತದೆ.